ಮಾರ್ಗದರ್ಶನ ಮತ್ತು ಔಷಧ ಸಂಶೋಧನೆ: ಒಂದು ಮನೋವೈಜ್ಞಾನಿಕ ವಿವೇಚನೆ

ಕನ್ನಡದ ವಿದ್ವತ್ ವಲಯದಲ್ಲಿ 'ಮಾರ್ಗದರ್ಶಕ' ಎಂಬ ಪದವು ಪಿಎಚ್.ಡಿ. ಪ್ರಬಂಧದ ಮೇಲ್ವಿಚಾರಕರಿಗೆ ರೂಢವಾಗಿದೆ. ಪ್ರಬಂಧ ಅಂಗೀಕೃತವಾದೊಡನೆ ಆ ಸಂಬಂಧದ ಔಪಚಾರಿಕ ಅವಧಿಯೂ ಮುಗಿಯುತ್ತದೆ. ಆದರೆ ಉದ್ಯೋಗ ಮನೋವಿಜ್ಞಾನವು 'ಮೆಂಟರಿಂಗ್' ಎಂದು ಕರೆಯುವ ಸಂಬಂಧದ ವ್ಯಾಪ್ತಿ ಇದಕ್ಕಿಂತ ಹಿರಿದು. ಅದರ ಸ್ವರೂಪವನ್ನೂ ಅದರ ಸಾರ್ಥಕತೆಯನ್ನು ಅಳೆಯುವ ಬಗೆಯನ್ನೂ ಔಷಧ ಸಂಶೋಧನೆಯ ಒಂದು ನಿದರ್ಶನದ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಅಮೆರಿಕದ ಕ್ಯಾಥಿ ಕ್ರಾಮ್ ಪ್ರಮುಖರು. ಒಂದೇ ಸಂಸ್ಥೆಯ ಹಿರಿಯ-ಕಿರಿಯ ಉದ್ಯೋಗಿಗಳ 18 ಜೋಡಿಗಳನ್ನು ಅಧ್ಯಯನ ಮಾಡಿ 1983ರಲ್ಲಿ ಅವರು ಪ್ರಕಟಿಸಿದ ಲೇಖನವು ಈ ಸಂಬಂಧದಲ್ಲಿ ಆರಂಭ, ಪೋಷಣೆ, ಬೇರ್ಪಡುವಿಕೆ ಮತ್ತು ಪುನರ್‌ನಿರೂಪಣೆ ಎಂಬ ನಾಲ್ಕು ಘಟ್ಟಗಳನ್ನು ಗುರುತಿಸಿತು. ಮಾರ್ಗದರ್ಶಿಯ ಕಾರ್ಯಗಳನ್ನೂ ಅವರು ಎರಡಾಗಿ ವಿಂಗಡಿಸಿದರು. ಸವಾಲಿನ ಕೆಲಸ ವಹಿಸುವುದು, ರಕ್ಷಣೆ ನೀಡುವುದು, ಮೇಲಿನವರ ಗಮನಕ್ಕೆ ತರುವುದು ಮುಂತಾದವು ವೃತ್ತಿಸಂಬಂಧಿ ಕಾರ್ಯಗಳು. ಆತ್ಮವಿಶ್ವಾಸ ಮೂಡಿಸುವುದು, ಆಪ್ತಸಲಹೆ, ಸ್ನೇಹ ಇವು ಮನೋಸಾಮಾಜಿಕ ಕಾರ್ಯಗಳು. ಬೇರ್ಪಡುವಿಕೆಯನ್ನು ಸಂಬಂಧದ ಸೋಲೆಂದು ಭಾವಿಸದೆ ಅದರ ಸಹಜ ಘಟ್ಟವೆಂದು ಕ್ರಾಮ್ ಪರಿಗಣಿಸಿದ್ದು ಗಮನಾರ್ಹ.

1944ರಲ್ಲಿ ಬರೋಸ್ ವೆಲ್ಕಮ್ ಔಷಧ ಸಂಸ್ಥೆಯಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಸಹಾಯಕಿಯಾಗಿ ಸೇರಿದ ಗರ್ಟ್ರೂಡ್ ಎಲಿಯನ್ ಅವರಿಗೆ ಇದ್ದದ್ದು ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ ಮಾತ್ರ. ಉದ್ಯೋಗ ಬಿಟ್ಟು ಪೂರ್ಣಾವಧಿ ವ್ಯಾಸಂಗ ಮಾಡಬೇಕೆಂಬ ನಿಬಂಧನೆ ಎದುರಾದಾಗ ಅವರು ಡಾಕ್ಟರೇಟ್ ಅಧ್ಯಯನವನ್ನೇ ಕೈಬಿಟ್ಟರು. ಹಿಚಿಂಗ್ಸ್ ಅವರನ್ನು ರಸಾಯನಶಾಸ್ತ್ರದ ಚೌಕಟ್ಟಿಗೆ ಸೀಮಿತಗೊಳಿಸಲಿಲ್ಲ. ಜೀವರಸಾಯನ, ಔಷಧವಿಜ್ಞಾನ, ರೋಗನಿರೋಧಶಾಸ್ತ್ರಗಳಿಗೂ ಅವರು ಕಾಲಿಡಲು ಅವಕಾಶವಿತ್ತರು. ರಕ್ತದ ಕ್ಯಾನ್ಸರಿಗೆ 1953ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ 6-ಮರ್ಕ್ಯಾಪ್ಟೊಪ್ಯೂರಿನ್ ಈ ಜಂಟಿ ದುಡಿಮೆಯ ಫಲ. ಈ ಬಗೆಯ ಸಂಯುಕ್ತಗಳ ತಯಾರಿಕೆಯನ್ನು ಕುರಿತ 1952ರ ಲೇಖನದಲ್ಲಿ ಮೊದಲ ಹೆಸರು ಎಲಿಯನ್ ಅವರದು, ಕೊನೆಯದು ಹಿಚಿಂಗ್ಸ್ ಅವರದು. ಕಿರಿಯರ ಕೆಲಸ ಕಿರಿಯರ ಹೆಸರಿನಲ್ಲಿಯೇ ಕಾಣಿಸಿಕೊಳ್ಳುವುದು ಕ್ರಾಮ್ ಹೇಳುವ ವೃತ್ತಿಸಂಬಂಧಿ ಕಾರ್ಯದ ಸ್ಪಷ್ಟ ರೂಪ.

1967ರಲ್ಲಿ ಹಿಚಿಂಗ್ಸ್ ಸಂಶೋಧನೆಯ ಉಪಾಧ್ಯಕ್ಷರಾದಾಗ ಎಲಿಯನ್ ಪ್ರಾಯೋಗಿಕ ಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾದರು. ಬೇರ್ಪಡುವಿಕೆಯ ಘಟ್ಟ ಇದು. ಹರ್ಪಿಸ್ ವೈರಾಣುವಿನ ವಿರುದ್ಧ ಪರಿಣಾಮಕಾರಿಯಾದ ಅಸೈಕ್ಲೊವಿರ್ ರೂಪುಗೊಂಡದ್ದು ಇದರ ನಂತರ, ಎಲಿಯನ್ ಅವರ ಸ್ವತಂತ್ರ ನೇತೃತ್ವದಲ್ಲಿ. 1988ರಲ್ಲಿ ಜೇಮ್ಸ್ ಬ್ಲ್ಯಾಕ್ ಅವರೊಡನೆ ಇವರಿಬ್ಬರೂ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಾಗ ಹಿರಿಯ-ಕಿರಿಯ ಸಂಬಂಧವು ಸಮಾನರ ಸಂಬಂಧವಾಗಿ ಪುನರ್‌ನಿರೂಪಿತವಾಗಿತ್ತು.

ಇಂದಿನ ಅನೇಕ ಸಂಸ್ಥೆಗಳು ಆಡಳಿತಾತ್ಮಕ ಆದೇಶದ ಮೂಲಕ ಮಾರ್ಗದರ್ಶಿಗಳನ್ನು ನೇಮಿಸುತ್ತವೆ. ಎಂಜಿನಿಯರಿಂಗ್, ಸಮಾಜಕಾರ್ಯ ಹಾಗೂ ಪತ್ರಿಕೋದ್ಯಮ ಕ್ಷೇತ್ರಗಳನ್ನು ಕುರಿತು ಬೆಲ್ ರೋಸ್ ರಾಗಿನ್ಸ್ ಮತ್ತು ಜಾನ್ ಕಾಟನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾನಾಗಿ ಬೆಳೆದ ಸಂಬಂಧಗಳಿಂದ ಕಿರಿಯರಿಗೆ ದೊರೆತ ನೆರವು ನೇಮಕದ ಸಂಬಂಧಗಳಿಂದ ದೊರೆತದ್ದಕ್ಕಿಂತ ಹೆಚ್ಚಿನದಾಗಿತ್ತು. ನೇಮಕದ ವ್ಯವಸ್ಥೆಯಿಂದ ಮಹಿಳೆಯರಿಗಾದ ಪ್ರಯೋಜನ ಪುರುಷರಿಗಿಂತ ಕಡಿಮೆಯಿತ್ತು. ನೇಮಕವೇ ನಿರರ್ಥಕವೆಂದು ಇದರ ಅರ್ಥವಲ್ಲ. ಆದೇಶವು ಇಬ್ಬರನ್ನು ಒಂದೆಡೆ ಕೂಡಿಸಬಲ್ಲದು. ಅಧಿಕಾರವನ್ನು ಬಿಟ್ಟುಕೊಡುವ ಮನಸ್ಸನ್ನು ಅದು ಸೃಷ್ಟಿಸಲಾರದು.

ಆದ್ದರಿಂದ ಮಾರ್ಗದರ್ಶನವನ್ನು ಸಭೆಗಳ ಸಂಖ್ಯೆಯಿಂದಾಗಲಿ, ಪದವಿ ಪಡೆದವರ ಪಟ್ಟಿಯಿಂದಾಗಲಿ ಅಳೆಯುವುದು ಅಪೂರ್ಣ. ಕಿರಿಯರ ಕೆಲಸ ಯಾರ ಹೆಸರಿನಲ್ಲಿ ಪ್ರಕಟವಾಯಿತು, ಹೊಣೆ ಯಾವಾಗ ಅವರ ಕೈಸೇರಿತು, ಹಿರಿಯರು ಹಿಂದೆ ಸರಿದ ಮೇಲೆ ಅವರು ಏನನ್ನು ಸಾಧಿಸಿದರು ಎಂಬ ಪ್ರಶ್ನೆಗಳನ್ನು ನಮ್ಮ ವಿಶ್ವವಿದ್ಯಾನಿಲಯಗಳೂ ಪ್ರಯೋಗಾಲಯಗಳೂ ಕೇಳಿಕೊಳ್ಳುವುದು ಅಗತ್ಯ.