ಹಳದಿ ಫಲಕದ ಕೆಳಸಾಲು

ರೈಲು ನಿಂತೊಡನೆ ಕಿಟಕಿಗೆ ಮುಖ ಒತ್ತಿ ಹಳದಿ ಫಲಕ ಓದುವುದು ನಮ್ಮಲ್ಲಿ ಅನೇಕರ ಚಾಳಿ. ಊರ ಹೆಸರು ತಿಳಿದರೆ ಮುಗಿಯಿತು. ಕೆಳಗೆ ಸಣ್ಣದಾಗಿ ಬರೆದಿರುವ ಸಮುದ್ರಮಟ್ಟದ ಲೆಕ್ಕ ಯಾರಿಗೂ ಬೇಡ. ಹಳಿ ಹಾಕಿದವರಿಗೆ ಏರು–ಇಳಿಜಾರು ಅಳೆಯಲು ಬೇಕಾಗಿದ್ದ ಅಂಕಿಯದು.

ಘೂಮ್‌ನಲ್ಲಿ ಮಾತ್ರ ಜನ ಆ ಅಂಕಿಯನ್ನೇ ಹುಡುಕುತ್ತಾರೆ: 7,407 ಅಡಿ. ಭಾರತದ ಅತಿ ಎತ್ತರದ ರೈಲು ನಿಲ್ದಾಣ ಇದು. ಡಾರ್ಜಿಲಿಂಗ್ ಇದಕ್ಕಿಂತ ತಗ್ಗಿನಲ್ಲಿದೆ. ಪುಟಾಣಿ ರೈಲು ಬತಾಸಿಯಾದಲ್ಲಿ ಒಂದು ಸುತ್ತು ಹಾಕಿ ಕೆಳಗಿಳಿಯುತ್ತದೆ. ಒಡಿಶಾದ ಇಬ್‌ನಲ್ಲಿ ಹೆಸರೇ ವಿಶೇಷ. ನದಿಯಿಂದ ಬಂದ ಈ ಹೆಸರಿಗೆ ಇಂಗ್ಲಿಷಿನಲ್ಲಿ ಎರಡೇ ಅಕ್ಷರ.

ನನಗೆ ಹೆಚ್ಚು ಹಿಡಿಸಿದ್ದು ಸೂರತ್–ಭುಸಾವಳ್ ಮಾರ್ಗದ ನವಾಪುರ. ನಿಲ್ದಾಣ ಕಟ್ಟಿದಾಗ ರಾಜ್ಯದ ಗಡಿ ಅಲ್ಲಿರಲಿಲ್ಲ. 1960ರ ಮೇ 1ರಂದು ಮುಂಬೈ ರಾಜ್ಯ ಎರಡಾದಾಗ ಗೆರೆ ಪ್ಲಾಟ್‌ಫಾರ್ಮಿನ ಮೇಲೆಯೇ ಹಾದುಹೋಯಿತು. ಟಿಕೆಟ್ ಕೊಳ್ಳುವುದು ಮಹಾರಾಷ್ಟ್ರದಲ್ಲಿ, ಸ್ಟೇಷನ್ ಮಾಸ್ತರರು ಕೂರುವುದು ಗುಜರಾತಿನಲ್ಲಿ. ಒಂದು ಬೆಂಚಂತೂ ಅರ್ಧ ಅಲ್ಲಿ, ಅರ್ಧ ಇಲ್ಲಿ. ಗಡಿ ಎಂದೊಡನೆ ಕಿವಿ ನಿಮಿರುವ ನಮಗೆ ಆ ಬೆಂಚಿನ ಮೇಲೆ ಒಂದು ಚಹಾ ಕುಡಿದು ಬರುವುದು ಒಳ್ಳೆಯದೇ.

ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಗ್ಗೆ ಬರೆದವರು ಬೇಕಾದಷ್ಟು ಮಂದಿ: ಸ್ಟೀವನ್ಸ್ ವಿನ್ಯಾಸ, ಹತ್ತು ವರ್ಷಗಳ ಕೆಲಸ, 2004ರಲ್ಲಿ ಯುನೆಸ್ಕೊ ಮನ್ನಣೆ. ಅದರ ವೈಭವದ ಮುಂದೆ ಚೆನ್ನೈನ ರಾಯಪುರಂ ಸಪ್ಪೆ. ಆದರೆ 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಅಲ್ಲಿಂದಲೇ. ಅದಕ್ಕೂ ಮೂರು ವರ್ಷ ಮೊದಲೇ ರೈಲು ಕಂಡ ಮುಂಬೈ, ಠಾಣೆಗಳ ಮೂಲ ಕಟ್ಟಡಗಳು ಉಳಿದಿಲ್ಲ; ರಾಯಪುರಂನ ಕಂಬಸಾಲು ಇನ್ನೂ ನಿಂತಿದೆ.

ಇನ್ನು ನಮ್ಮ ಹುಬ್ಬಳ್ಳಿ. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಅತಿ ಉದ್ದ. 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿ, ಗೋರಖ್‌ಪುರದ 1,366 ಮೀಟರನ್ನು ಹಿಂದಿಕ್ಕಿತು. ಇದು ಬರೀ ದಾಖಲೆಯ ಹಟವಲ್ಲ. 24 ಬೋಗಿಯ ರೈಲಿಗೆ ಸುಮಾರು 600 ಮೀಟರ್ ಸಾಕು. ಹಾಗಾಗಿ ಎರಡು ರೈಲು ಒಂದರ ಹಿಂದೊಂದು ನಿಂತು, ಒಂದು ಈ ದಿಕ್ಕಿಗೆ, ಇನ್ನೊಂದು ಆ ದಿಕ್ಕಿಗೆ ಹೊರಡಬಹುದು. ಅಲ್ಲಿ ರೈಲು ಹತ್ತುವವರು ನಿಮ್ಮ ಬೋಗಿ ಯಾವ ತುದಿಗೆ ಬರುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ. ತಪ್ಪಿದರೆ ಗಂಟುಮೂಟೆ ಹೊತ್ತು ಒಂದೂವರೆ ಕಿಲೋಮೀಟರ್ ನಡೆಯಬೇಕಾದೀತು.