ಕಾದಾಟದ ವಿಡಿಯೋ ಆಟಗಳ ಪಂದ್ಯಾವಳಿ ‘ಇವೊ’: ಆಟದ ಒಡೆತನ ಮತ್ತು ಆಟಗಾರರ ಸಂಪ್ರದಾಯ

ಕನ್ನಡದಲ್ಲಿ ಆಟಗಳ ಅಧ್ಯಯನವು ಬಹುಮಟ್ಟಿಗೆ ಜನಪದ ಆಟಗಳ ಸಂಗ್ರಹ ಮತ್ತು ವರ್ಗೀಕರಣದ ನೆಲೆಯಲ್ಲಿ ಬೆಳೆದುಬಂದಿದೆ. ಕುಂಟೆಬಿಲ್ಲೆ, ಚೌಕಾಬಾರ, ಕುಸ್ತಿ ಮೊದಲಾದ ಆಟಗಳಿಗೆ ಒಡೆಯರೆಂಬವರಿಲ್ಲ. ಅವುಗಳ ನಿಯಮಗಳು ಆಡುವವರ ನಡುವೆಯೇ ಹುಟ್ಟಿ, ಊರಿನಿಂದ ಊರಿಗೆ ವ್ಯತ್ಯಾಸಗೊಳ್ಳುತ್ತ ಬಂದಿವೆ. ವಿಡಿಯೋ ಆಟದ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಅದರ ಪಾತ್ರ, ಚಲನೆ, ನಿಯಮಗಳೆಲ್ಲವೂ ಒಂದು ಕಂಪನಿಯ ಸ್ವತ್ತು. ಇಂತಹ ಸ್ವತ್ತನ್ನು ಆಧರಿಸಿಯೂ ಆಟಗಾರರದೇ ಆದ ಒಂದು ಸಂಪ್ರದಾಯ ರೂಪುಗೊಳ್ಳಲು ಸಾಧ್ಯವೇ? ಅಮೆರಿಕದಲ್ಲಿ ಪ್ರತಿವರ್ಷ ನಡೆಯುವ ‘ಎವೊಲ್ಯೂಷನ್ ಚಾಂಪಿಯನ್‌ಶಿಪ್ ಸೀರೀಸ್’, ಸಂಕ್ಷಿಪ್ತವಾಗಿ ‘ಇವೊ’, ಎಂಬ ಪಂದ್ಯಾವಳಿಯ ಇತಿಹಾಸವು ಈ ಪ್ರಶ್ನೆಗೆ ಉತ್ತರಿಸಲು ಬೇಕಾದ ಸಾಮಗ್ರಿಯನ್ನು ಒದಗಿಸುತ್ತದೆ. ಪ್ರಸ್ತುತ ಲೇಖನದಲ್ಲಿ ಆ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

1. ನಾಣ್ಯದ ಸರದಿ

ಇಬ್ಬರು ಆಟಗಾರರು ತಮಗೆ ಬೇಕಾದ ಪಾತ್ರಗಳನ್ನು ಆರಿಸಿಕೊಂಡು, ಪರದೆಯ ಮೇಲೆ ಅವುಗಳ ಮೂಲಕ ಹೊಡೆದಾಡುವ ಆಟಗಳನ್ನು ‘ಫೈಟಿಂಗ್ ಗೇಮ್’ ಎಂದು ಕರೆಯಲಾಗುತ್ತದೆ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಹೊರತಂದ ‘ಸ್ಟ್ರೀಟ್ ಫೈಟರ್ 2’ ಈ ಪ್ರಕಾರವನ್ನು ಜಗತ್ತಿನಾದ್ಯಂತ ಹರಡಿತು. ಆಗ ಇದನ್ನು ಆಡುತ್ತಿದ್ದುದು ನಾಣ್ಯ ಹಾಕಿದರೆ ಚಾಲೂ ಆಗುವ ಯಂತ್ರಗಳಿದ್ದ ವಿಡಿಯೋ ಗೇಮ್ ಪಾರ್ಲರುಗಳಲ್ಲಿ. ಅಮೆರಿಕದ ಪಾರ್ಲರುಗಳಲ್ಲಿ ಒಂದು ಅಲಿಖಿತ ಕಟ್ಟಳೆಯಿತ್ತು. ಮುಂದಿನ ಸರದಿ ಬೇಕಾದವನು ಯಂತ್ರದ ಅಂಚಿನ ಮೇಲೆ ತನ್ನ 25 ಸೆಂಟ್‌ಗಳ ನಾಣ್ಯವನ್ನು ಇಡಬೇಕು. ಗೆದ್ದವನು ಯಂತ್ರದ ಮುಂದೆ ಉಳಿಯುತ್ತಾನೆ, ಸೋತವನು ಜಾಗ ಬಿಡುತ್ತಾನೆ. ಬಲ್ಲವನು ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಆಡಬಹುದಿತ್ತು. ಕಲಿಯುವವನಿಗೆ ಪ್ರತಿ ಸೋಲಿಗೂ ಬೆಲೆಯಿತ್ತು. ನಾಣ್ಯವಿದ್ದ ಯಾರೇ ಆದರೂ ಆ ಊರಿನ ಅತ್ಯುತ್ತಮ ಆಟಗಾರನನ್ನು ಎದುರಿಸಬಹುದಿತ್ತೆಂಬುದು ಇಲ್ಲಿ ಮುಖ್ಯವಾದ ಅಂಶ. ಗರಡಿಯ ಹುಡುಗನೊಬ್ಬ ಹೆಸರಾಂತ ಪೈಲ್ವಾನನ ಎದುರು ಅಖಾಡಕ್ಕಿಳಿಯುವುದಕ್ಕೆ ಇದನ್ನು ಹೋಲಿಸಬಹುದು.

ಇವೊ ಹುಟ್ಟಿದ್ದು ಈ ಕಟ್ಟಳೆಯಿಂದಲೇ. 1996ರಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ‘ಗಾಲ್ಫ್‌ಲ್ಯಾಂಡ್’ ಎಂಬ ಆಟದ ತಾಣದಲ್ಲಿ ‘ಬ್ಯಾಟಲ್ ಬೈ ದ ಬೇ’ ಎಂಬ ಹೆಸರಿನಲ್ಲಿ ಸುಮಾರು 40 ಆಟಗಾರರು ಸೇರಿದರು. ಟಾಮ್ ಕ್ಯಾನನ್ ಮತ್ತು ಟೋನಿ ಕ್ಯಾನನ್ ಸಹೋದರರು ಇದರ ಪ್ರವರ್ತಕರಲ್ಲಿ ಪ್ರಮುಖರು. ಕೆಲವು ಕೂಟಗಳ ನಂತರ, 2002ರಲ್ಲಿ ಇದಕ್ಕೆ ‘ಎವೊಲ್ಯೂಷನ್’ ಎಂಬ ಹೆಸರು ಬಂತು. 2004ರಲ್ಲಿ ಪಾರ್ಲರ್ ಯಂತ್ರಗಳ ಬದಲು ಮನೆಯಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್‌ಗಳನ್ನು ಬಳಸಲಾರಂಭಿಸಿದಾಗ ಆಟಗಾರರಲ್ಲಿ ವಿವಾದವೇ ಎದ್ದಿತು. 2005ರಿಂದ ಲಾಸ್ ವೇಗಾಸ್ ಇದರ ನೆಲೆಯಾಯಿತು. ಸ್ಥಳ, ಯಂತ್ರಗಳು ಬದಲಾದರೂ ಮೂಲ ತತ್ತ್ವ ಮಾತ್ರ ಬದಲಾಗಲಿಲ್ಲ: ಪ್ರವೇಶ ಶುಲ್ಕ ಕೊಟ್ಟ ಯಾರೂ ಸ್ಪರ್ಧಿಸಬಹುದು. ಆಹ್ವಾನವಾಗಲಿ ಅರ್ಹತಾ ಸುತ್ತಾಗಲಿ ಇಲ್ಲ. ಬಹುಕಾಲ ಬಹುಮಾನದ ಮೊತ್ತವೂ ಮುಖ್ಯವಾಗಿ ಆಟಗಾರರ ಶುಲ್ಕದಿಂದಲೇ ಕೂಡಿಬರುತ್ತಿತ್ತು.

2. ಎರಡು ಸೋಲಿನ ನಿಯಮ

ಪಂದ್ಯಾವಳಿಯ ರಚನೆಯಲ್ಲಿಯೂ ಇದೇ ಧೋರಣೆ ಕಾಣುತ್ತದೆ. ಇಲ್ಲಿ ಒಂದು ಸೋಲಿಗೆ ಆಟಗಾರ ಹೊರಬೀಳುವುದಿಲ್ಲ. ಮೊದಲ ಬಾರಿ ಸೋತವನು ‘ಸೋತವರ ಸಾಲಿ’ಗೆ ಇಳಿದು ಅಲ್ಲಿಂದ ಮುಂದುವರಿಯುತ್ತಾನೆ, ಎರಡನೆಯ ಸೋಲಿಗೆ ಮಾತ್ರ ಅವನ ಆಟ ಮುಗಿಯುತ್ತದೆ. ಎರಡೂ ಸಾಲುಗಳ ವಿಜೇತರು ಕೊನೆಯಲ್ಲಿ ಸಂಧಿಸುತ್ತಾರೆ. ಸೋತವರ ಸಾಲಿನಿಂದ ಬಂದವನು ಪ್ರಶಸ್ತಿ ಪಡೆಯಬೇಕಾದರೆ ಒಮ್ಮೆಯೂ ಸೋಲದ ಎದುರಾಳಿಯನ್ನು ಎರಡು ಬಾರಿ ಸೋಲಿಸಬೇಕು. 2023ರಲ್ಲಿ ‘ಸ್ಟ್ರೀಟ್ ಫೈಟರ್ 6’ ಒಂದಕ್ಕೇ 7,000ಕ್ಕೂ ಹೆಚ್ಚು ಸ್ಪರ್ಧಿಗಳು ಹೆಸರು ನೋಂದಾಯಿಸಿದ್ದರು. ವಿಜೇತನೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಎರಡೆರಡು ಬಾರಿ ಸೋಲಬೇಕಾದುದರಿಂದ, ಇಂತಹ ಸ್ಪರ್ಧೆಯೊಂದಕ್ಕೆ ಲೆಕ್ಕದಂತೆ ಸುಮಾರು 14,000 ಪಂದ್ಯಗಳು ಬೇಕಾಗುತ್ತವೆ. ಇವೆಲ್ಲವನ್ನೂ ಮೂರು ದಿನಗಳಲ್ಲಿ ಮುಗಿಸಲಾಗುತ್ತದೆ. ಮೊದಲ ದಿನ ಹೆಸರಿಲ್ಲದ ಹೊಸಬನು ಹಿಂದಿನ ವರ್ಷದ ವಿಜೇತನ ಪಕ್ಕದಲ್ಲಿಯೇ ಕುಳಿತು ಆಡುವ ಸಂದರ್ಭ ಇಲ್ಲಿ ಸಹಜವಾಗಿಯೇ ಒದಗುತ್ತದೆ.

3. ಕಂಪನಿಯ ನಿಯಮ, ಆಟಗಾರರ ಕಟ್ಟಳೆ

ಆಟವನ್ನು ಕಂಪನಿ ರಚಿಸಿದರೂ ಅದನ್ನು ಹೇಗೆ ಆಡಬೇಕೆಂಬುದನ್ನು ಆಟಗಾರರೇ ನಿರ್ಧರಿಸಿಕೊಂಡುದಕ್ಕೆ ಎರಡು ನಿದರ್ಶನಗಳನ್ನು ಗಮನಿಸಬಹುದು. ಒಂದು ಹೊಡೆತದಿಂದ ಎದುರಾಳಿ ಚೇತರಿಸಿಕೊಳ್ಳುವ ಮೊದಲೇ ಮತ್ತೊಂದನ್ನು ಜೋಡಿಸುವ ಸರಣಿ ಹೊಡೆತ, ಅಂದರೆ ‘ಕಾಂಬೊ’, ಇಂದು ಈ ಆಟಗಳ ವ್ಯಾಕರಣವೇ ಆಗಿದೆ. ಆದರೆ ‘ಸ್ಟ್ರೀಟ್ ಫೈಟರ್ 2’ರಲ್ಲಿ ಅದು ಉದ್ದೇಶಪೂರ್ವಕವಾಗಿ ಇಟ್ಟುದಲ್ಲ. ತಯಾರಿಕೆಯ ಹಂತದಲ್ಲಿ ನಿರ್ಮಾಪಕ ನೊರಿಟಾಕಾ ಫುನಾಮಿಜು ಅವರ ಗಮನಕ್ಕೆ ಇದು ಬಂತು. ಬಳಸುವುದು ಕಷ್ಟವೆಂದು ಭಾವಿಸಿ ಅದನ್ನು ತೆಗೆಯದೆ ಬಿಡಲಾಯಿತು. ಆ ಆಕಸ್ಮಿಕವನ್ನು ಕಲೆಯಾಗಿಸಿದವರು ಪಾರ್ಲರಿನ ಆಟಗಾರರು.

ಎರಡನೆಯ ನಿದರ್ಶನ ಇದಕ್ಕೆ ವಿರುದ್ಧ ದಿಕ್ಕಿನದು. 1994ರ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ’ದಲ್ಲಿ ಕಂಪನಿಯೇ ಅಕುಮಾ ಎಂಬ ಗುಪ್ತ ಪಾತ್ರವನ್ನು ಇರಿಸಿತ್ತು. ಅದರ ಬಲ ಅತಿಯಾದುದೆಂದು ಕಂಡ ಆಟಗಾರರು ಪಂದ್ಯಾವಳಿಗಳಲ್ಲಿ ಅದನ್ನು ನಿಷೇಧಿಸಿಕೊಂಡರು. ಯಂತ್ರ ಒಪ್ಪುವ ಪಾತ್ರವನ್ನು ಸಮುದಾಯ ಒಪ್ಪಲಿಲ್ಲ. ಬರೆದ ನಿಯಮಕ್ಕಿಂತ ಬಳಕೆಯ ಕಟ್ಟಳೆ ಮೇಲಾದ ಇಂತಹ ಸಂದರ್ಭಗಳಲ್ಲಿ ವಿಡಿಯೋ ಆಟವು ಜನಪದ ಆಟದ ಲಕ್ಷಣವನ್ನು ಪಡೆಯುತ್ತದೆ ಎನ್ನಬಹುದು.

4. ಒಂದು ಕ್ಷಣದ ಸ್ಮೃತಿ

ಪ್ರತಿಯೊಂದು ಸಂಪ್ರದಾಯಕ್ಕೂ ಅದು ಮತ್ತೆ ಮತ್ತೆ ಹೇಳಿಕೊಳ್ಳುವ ಕಥೆಯೊಂದು ಇರುತ್ತದೆ. ಇವೊದ ಪಾಲಿಗೆ ಅದು 2004ರ ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’ ಪಂದ್ಯ. ಸೋತವರ ಸಾಲಿನ ಕೊನೆಯ ಹಣಾಹಣಿಯಲ್ಲಿ ಜಪಾನಿನ ದೈಗೊ ಉಮೆಹರಾ ಕೆನ್ ಪಾತ್ರವನ್ನೂ ಅಮೆರಿಕದ ಜಸ್ಟಿನ್ ವಾಂಗ್ ಚುನ್-ಲಿ ಪಾತ್ರವನ್ನೂ ಆಡಿಸುತ್ತಿದ್ದರು. ಒಂದು ಹಂತದಲ್ಲಿ ಕೆನ್‌ನ ಜೀವಬಲದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಮಾತ್ರ ಉಳಿದಿತ್ತು. ಈ ಆಟದಲ್ಲಿ ವಿಶೇಷ ಪಟ್ಟುಗಳನ್ನು ತಡೆದರೂ ಅಲ್ಪಸ್ವಲ್ಪ ಬಲ ನಷ್ಟವಾಗುತ್ತದೆ. ಆದುದರಿಂದ ಚುನ್-ಲಿಯ 15 ಒದೆತಗಳ ಮಹಾಪಟ್ಟು ಆರಂಭವಾದಾಗ ಸಾಮಾನ್ಯ ತಡೆಯಿಂದ ಉಳಿಯುವ ಮಾರ್ಗವಿರಲಿಲ್ಲ.

ಉಳಿದಿದ್ದುದು ‘ಪ್ಯಾರಿ’ ಒಂದೇ. ಸಾಮಾನ್ಯ ತಡೆಗೆ ಕೋಲನ್ನು ಹಿಂದಕ್ಕೆ ಎಳೆಯಬೇಕು. ಪ್ಯಾರಿಗೆ ಹೊಡೆತ ತಗಲುವ ಗಳಿಗೆಯಲ್ಲಿಯೇ ಕೋಲನ್ನು ಎದುರಾಳಿಯ ಕಡೆಗೆ ತಳ್ಳಬೇಕು. ಹಾಗೆ ಮಾಡಿದರೆ ಬಲ ಕಿಂಚಿತ್ತೂ ನಷ್ಟವಾಗದು. ಗಳಿಗೆ ತಪ್ಪಿದರೆ ಹೊಡೆತ ಪೂರ್ಣವಾಗಿ ಬೀಳುತ್ತದೆ. ಸೆಕೆಂಡಿಗೆ 60 ಚಿತ್ರಗಳಂತೆ ಸಾಗುವ ಆಟದಲ್ಲಿ ಈ ಅವಕಾಶ ಕೆಲವೇ ಚಿತ್ರಗಳಷ್ಟು ಕಾಲದ್ದು. ಉಮೆಹರಾ 15 ಒದೆತಗಳನ್ನೂ ಒಂದೊಂದಾಗಿ ಹೀಗೆ ಎದುರಿಸಿ, ಮರುಕ್ಷಣವೇ ಸರಣಿ ಹೊಡೆತದಿಂದ ಆ ಸುತ್ತನ್ನು ಗೆದ್ದರು. ಕೊನೆಯ ಒದೆತಕ್ಕೂ ಮುನ್ನವೇ ಪ್ರೇಕ್ಷಕರು ಎದ್ದು ಕೂಗತೊಡಗಿದ್ದುದು ಅದರ ದೃಶ್ಯಮುದ್ರಣದಲ್ಲಿ ಕೇಳಿಬರುತ್ತದೆ. ಆದರೆ ಅಂತಿಮ ಪಂದ್ಯದಲ್ಲಿ ಅವರು ಕೆಂಜಿ ಒಬಾಟಾ ಅವರಿಗೆ ಸೋತರು. ಸಮುದಾಯ ಪ್ರಶಸ್ತಿ ಗೆದ್ದವನಿಗಿಂತ ಆ ಕ್ಷಣವನ್ನೇ ಹೆಚ್ಚು ನೆನಪಿಟ್ಟುಕೊಂಡಿದೆ. ಈ ಮುದ್ರಣವನ್ನು ‘37ನೆಯ ಕ್ಷಣ’ ಎಂದು ಕರೆಯುವುದು ರೂಢಿ. ಆ ಸಂಖ್ಯೆಯನ್ನು ಸುಮ್ಮನೆ ಇಡಲಾಯಿತೇ ಹೊರತು ಅದಕ್ಕೂ ಮೊದಲು 36 ಕ್ಷಣಗಳ ಪಟ್ಟಿಯೇನೂ ಇರಲಿಲ್ಲ. ಐತಿಹ್ಯಗಳು ಹುಟ್ಟುವ ಬಗೆಗೆ ಇದೊಂದು ಸ್ವಾರಸ್ಯಕರ ಉದಾಹರಣೆ.

5. ಲಾಹೋರಿನ ಪಾರ್ಲರುಗಳು

ತೆರೆದ ಬಾಗಿಲ ತತ್ತ್ವದ ನಿಜವಾದ ಪರೀಕ್ಷೆ ನಡೆದುದು 2019ರಲ್ಲಿ. ಅಲ್ಲಿಯವರೆಗೆ ‘ಟೆಕ್ಕನ್’ ಎಂಬ ಆಟದಲ್ಲಿ ಕೊರಿಯಾ ಮತ್ತು ಜಪಾನಿನವರೇ ಮೇಲುಗೈ ಎಂಬುದು ಸರ್ವಸಮ್ಮತವಾಗಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಫುಕುವೊಕಾದಲ್ಲಿ ನಡೆದ ‘ಇವೊ ಜಪಾನ್’ ಪಂದ್ಯಾವಳಿಯನ್ನು ಲಾಹೋರಿನ ಅರ್ಸಲಾನ್ ಆ್ಯಶ್ ಗೆದ್ದರು. ವೀಸಾ ಮತ್ತು ಪ್ರಯಾಣದ ತೊಡಕುಗಳನ್ನು ದಾಟಿ ಅವರು ಅಲ್ಲಿಗೆ ತಲುಪಿದ್ದರು. ಗೆದ್ದ ನಂತರ, ತಮ್ಮ ದೇಶದಲ್ಲಿ ತಮ್ಮಷ್ಟೇ ಸಮರ್ಥರಾದ ಆಟಗಾರರು ಇನ್ನೂ ಇದ್ದಾರೆಂದು ಅವರು ತಿಳಿಸಿದಾಗ ಜಗತ್ತು ಅಚ್ಚರಿಪಟ್ಟಿತು. ಅದನ್ನು ಪರೀಕ್ಷಿಸಲು, ‘ನೀ’ ಎಂಬ ಹೆಸರಿನಿಂದ ಖ್ಯಾತರಾದ ಕೊರಿಯಾದ ಬೇ ಜೇ-ಮಿನ್ ಅದೇ ವರ್ಷ ಸ್ವತಃ ಪಾಕಿಸ್ತಾನಕ್ಕೆ ತೆರಳಿ ಅಲ್ಲಿನವರೊಡನೆ ಆಡಿದರು. ಆಗಸ್ಟ್‌ನಲ್ಲಿ ಲಾಸ್ ವೇಗಾಸ್‌ನ ಅಂತಿಮ ಪಂದ್ಯದಲ್ಲಿ ಇವರಿಬ್ಬರೇ ಎದುರಾದಾಗ ಅರ್ಸಲಾನ್ ಮತ್ತೆ ಗೆದ್ದರು. 2023, 2024 ಮತ್ತು 2025ರಲ್ಲಿಯೂ ಅವರು ಲಾಸ್ ವೇಗಾಸ್‌ನಲ್ಲಿ ಟೆಕ್ಕನ್ ಪ್ರಶಸ್ತಿ ಪಡೆದರು.

ಅಮೆರಿಕದಲ್ಲಿ ಪಾರ್ಲರುಗಳು ಬಹುತೇಕ ಮುಚ್ಚಿಹೋದ ಮೇಲೂ ಲಾಹೋರಿನಲ್ಲಿ ಅವು ಉಳಿದಿದ್ದವು. ಅಂದರೆ ಇವೊ ಹುಟ್ಟಿದ ಪರಿಸರ ತನ್ನ ಮೂಲ ನೆಲದಲ್ಲಿ ಮರೆಯಾಗಿ, ಉಪಖಂಡದ ಗಲ್ಲಿಗಳಲ್ಲಿ ಜೀವಂತವಾಗಿತ್ತು. ಅರ್ಹತಾ ಸುತ್ತು, ಆಹ್ವಾನಗಳ ಬೇಲಿ ಇದ್ದಿದ್ದರೆ ಆ ಪ್ರತಿಭೆ ಹೊರಗೆ ಕಾಣಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ. ಆದರೆ ಪಂದ್ಯಾವಳಿಯ ಬಾಗಿಲು ತೆರೆದಿದ್ದರೂ ದೇಶದ ಗಡಿಯ ಬಾಗಿಲು ತೆರೆದಿರಬೇಕೆಂದಿಲ್ಲ ಎಂಬುದನ್ನೂ ಇದೇ ಪ್ರಸಂಗ ತೋರಿಸಿಕೊಡುತ್ತದೆ.

6. ಒಡೆತನದ ಪ್ರಶ್ನೆ

ಸಮುದಾಯದ ಕಟ್ಟಳೆ ಎಷ್ಟೇ ಬಲವಾಗಿದ್ದರೂ ಕಾನೂನಿನ ಒಡೆತನ ಕಂಪನಿಯದೇ. 2013ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಸಂಗ್ರಹಿಸುವ ಮೂಲಕ ಒಂದು ಆಟವನ್ನು ಆರಿಸಲು ಇವೊ ನಿರ್ಧರಿಸಿದಾಗ, ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೇ’ಯ ಅಭಿಮಾನಿಗಳು 94,000ಕ್ಕೂ ಹೆಚ್ಚು ಡಾಲರ್ ಕೂಡಿಸಿ ತಮ್ಮ ಆಟಕ್ಕೆ ಸ್ಥಾನ ದೊರಕಿಸಿದರು. ಆದರೆ ಅದರ ಒಡೆತನ ಹೊಂದಿದ್ದ ನಿಂಟೆಂಡೊ ಕಂಪನಿ ನೇರಪ್ರಸಾರಕ್ಕೆ ಅನುಮತಿ ನಿರಾಕರಿಸಿತು. ಆಟಗಾರರ ಪ್ರತಿಭಟನೆಯ ನಂತರ ನಿಲುವನ್ನು ಹಿಂತೆಗೆದುಕೊಂಡಿತು. 2022ರಲ್ಲಿ ಆ ಆಟಗಳ ಸರಣಿ ಕಂಪನಿಯ ತೀರ್ಮಾನದಂತೆ ಇವೊದಿಂದ ಹೊರಗುಳಿಯಿತು.

ಪಂದ್ಯಾವಳಿಯ ಒಡೆತನವೂ ಕೈ ಬದಲಾಯಿಸಿತು. ಸಾಂಕ್ರಾಮಿಕ ರೋಗದಿಂದಾಗಿ 2020ರಲ್ಲಿ ಲಾಸ್ ವೇಗಾಸ್‌ನ ಕೂಟ ನಡೆಯಲಿಲ್ಲ. 2021ರ ಮಾರ್ಚ್‌ನಲ್ಲಿ ಸೋನಿ ಮತ್ತು ಆರ್‌ಟಿಎಸ್ ಸಂಸ್ಥೆಗಳು ಜಂಟಿಯಾಗಿ ಇವೊವನ್ನು ಕೊಂಡವು. 2025ರ ಆಗಸ್ಟ್‌ನಲ್ಲಿ ಸೋನಿಯ ಪಾಲು ಭಾರತದ ನಾಡ್‌ವಿನ್ ಗೇಮಿಂಗ್ ಸಂಸ್ಥೆಗೆ ಹೋಯಿತು. ಅದೇ ತಿಂಗಳು ಭಾರತದ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕುರಿತ ಕಾಯಿದೆಯು ಹಣ ಕಟ್ಟಿ ಆಡುವ ಪಣದಾಟವನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಅದರಿಂದ ಬೇರ್ಪಡಿಸಿತು. ಸ್ಪರ್ಧೆಯ ಪ್ರವೇಶ ಶುಲ್ಕಕ್ಕೂ ಸಾಧನೆಗೆ ನೀಡುವ ಬಹುಮಾನಕ್ಕೂ ಅವಕಾಶವಿತ್ತಿತು. ಪಾರ್ಲರಿನ ಯಂತ್ರದ ಮೇಲಿಟ್ಟ ನಾಣ್ಯವು ಜೂಜಿನ ಪಣವಲ್ಲ, ಸರದಿಯ ಗುರುತು ಎಂಬ ಹಳೆಯ ತಿಳಿವಳಿಕೆಯೇ ಇಲ್ಲಿ ಕಾನೂನಿನ ಭಾಷೆಯಲ್ಲಿ ಬಂದಂತಿದೆ.

ಇದಕ್ಕೆ ಪ್ರತಿಯಾಗಿ ಸಮುದಾಯ ಕಂಪನಿಗಳಿಗೆ ಕೊಟ್ಟುದೂ ಉಂಟು. ದೂರದ ಊರುಗಳ ಇಬ್ಬರು ಅಂತರ್ಜಾಲದಲ್ಲಿ ಆಡುವಾಗ ಒಬ್ಬನ ಬಟನ್ ಒತ್ತುವಿಕೆ ಇನ್ನೊಬ್ಬನನ್ನು ತಲುಪಲು ಕಾಲ ಹಿಡಿಯುತ್ತದೆ. ಟೋನಿ ಕ್ಯಾನನ್ 2006ರಲ್ಲಿ ರೂಪಿಸಿದ ‘ಜಿಜಿಪಿಒ’ ತಂತ್ರಾಂಶವು ಎದುರಾಳಿಯ ಮುಂದಿನ ಚಲನೆಯನ್ನು ಊಹಿಸಿ ಆಟವನ್ನು ನಡೆಸುತ್ತದೆ. ಊಹೆ ತಪ್ಪಾದರೆ ಕೆಲವು ಚಿತ್ರಗಳಷ್ಟು ಹಿಂದೆ ಸರಿದು ಸರಿಪಡಿಸಿಕೊಳ್ಳುತ್ತದೆ. 2019ರಲ್ಲಿ ಅದನ್ನು ಎಲ್ಲರ ಮುಕ್ತ ಬಳಕೆಗೆ ಬಿಡಲಾಯಿತು. ಈ ವಿಧಾನವೇ ಇಂದಿನ ಪ್ರಮುಖ ಫೈಟಿಂಗ್ ಗೇಮ್‌ಗಳ ತಳಹದಿಯಾಗಿದೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಆಟದ ಸ್ವತ್ತು ಒಬ್ಬರದಾಗಿದ್ದರೂ ಅದರ ಸರದಿ, ಕಟ್ಟಳೆ, ಸ್ಮೃತಿಗಳು ಆಡುವವರಿಗೆ ಸೇರಿದವಾಗಿರಬಲ್ಲವು. ಇವೊದಲ್ಲಿ ಇವೆರಡರ ನಡುವಿನ ಎಳೆದಾಟ ಇನ್ನೂ ಮುಗಿದಿಲ್ಲ. ಆಟವೊಂದನ್ನು ಹಿಂತೆಗೆದುಕೊಳ್ಳುವ ಅಧಿಕಾರ ಕಂಪನಿಗಿದೆ. ಆದರೆ ಸನಿವೇಲಿನ 40 ಮಂದಿ ನೆಚ್ಚಿದ್ದ, ಯಾರು ಬೇಕಾದರೂ ಬಂದು ಆಡಬಹುದೆಂಬ ಕಟ್ಟಳೆಯನ್ನು ಯಾವ ಕಂಪನಿಯೂ ರಚಿಸಿದ್ದಲ್ಲ. ಒಡೆತನ ಕೈ ಬದಲಾದಂತೆಲ್ಲ ಆ ಕಟ್ಟಳೆ ಉಳಿಯುತ್ತದೆಯೇ ಎಂಬುದರ ಮೇಲೆಯೇ ಇವೊ ಒಂದು ಸಂಪ್ರದಾಯವಾಗಿ ಉಳಿಯುವುದು ಅವಲಂಬಿಸಿದೆ. ಕನ್ನಡದ ಆಟಗಳ ಅಧ್ಯಯನವು ತನ್ನ ವ್ಯಾಪ್ತಿಯನ್ನು ಪರದೆಯ ಆಟಗಳಿಗೂ ವಿಸ್ತರಿಸಿಕೊಳ್ಳುವಾಗ, ಆಟವನ್ನು ರಚಿಸಿದವರಾರು ಎಂಬುದರ ಜೊತೆಗೆ ಸರದಿಗೆ ನಿಂತವರಾರು ಎಂಬುದನ್ನೂ ಕೇಳುವುದು ಅವಶ್ಯ.