ಹಳೆಯ ದೂರಮಸೂರವೂ ನಮ್ಮ ಕಾಡಿನ ಜೀವಿಗಳೂ

ಕಾಡಿನ ಪ್ರಾಣಿಪಕ್ಷಿಗಳ ಛಾಯಾಚಿತ್ರ ತೆಗೆಯುವುದು ಸಿರಿವಂತರ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಪತ್ರಿಕೆಗಳಲ್ಲಿ ನಾವು ಮೆಚ್ಚುವ ಹುಲಿ, ಮಂಗಟ್ಟೆಗಳ ಎಷ್ಟೋ ಚಿತ್ರಗಳ ಹಿಂದೆ ಲಕ್ಷಗಟ್ಟಲೆ ಬೆಲೆಯ ಲೆನ್ಸುಗಳಿರುವುದು ನಿಜ. ಆದರೆ ಬೆಳಗಾವಿಯಿಂದ ಖಾನಾಪುರ ದಾಟಿ ಪಡುವಣಕ್ಕೆ ಹೊರಟರೆ ಸಹ್ಯಾದ್ರಿಯ ಕಾಡೇ ಎದುರಾಗುತ್ತದೆ. ಇಂಥ ನೆಲದಲ್ಲಿ ಓದುವ ವಿದ್ಯಾರ್ಥಿಯು ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಈ ಹವ್ಯಾಸದಿಂದ ದೂರ ಉಳಿಯಬೇಕಾಗಿಲ್ಲ. ಕೈಯಿಂದ ತಿರುಗಿಸಿ ಸ್ಫುಟಗೊಳಿಸುವ ಹಳೆಯ ಟೆಲಿಫೋಟೋ ಲೆನ್ಸು, ಅಂದರೆ ದೂರಮಸೂರ, ಅವನ ನೆರವಿಗೆ ಬರಬಲ್ಲದು.

ಇವು ಅಗ್ಗವಾದದ್ದು ಗಾಜು ಕೆಟ್ಟದ್ದೆಂದಲ್ಲ, ಕಾಲ ಬದಲಾಯಿತೆಂದು. 1985ರಲ್ಲಿ ಮಿನೋಲ್ಟಾ ಸಂಸ್ಥೆಯ 7000 ಎಂಬ ಕ್ಯಾಮೆರಾ ತಾನೇ ಸ್ಫುಟಗೊಳಿಸಿಕೊಳ್ಳುವ ವಿಧಾನವನ್ನು ಬಳಕೆಗೆ ತಂದಿತು. 1987ರಲ್ಲಿ ಕ್ಯಾನನ್ ಸಂಸ್ಥೆ ತನ್ನ ಲೆನ್ಸುಗಳ ಜೋಡಣೆಯನ್ನೇ ಬದಲಿಸಿತು. ಆವರೆಗೆ ಬಳಕೆಯಲ್ಲಿದ್ದ ಲೆನ್ಸುಗಳು ಒಂದೊಂದಾಗಿ ಮೂಲೆ ಸೇರಿದವು. ಜರ್ಮನಿಯ ಪೆಂಟಕಾನ್, ರಷ್ಯದ ಜ್ಯೂಪಿಟರ್, ಜಪಾನಿನ ಟಕುಮಾರ್ ಮೊದಲಾದವು ಈಗಲೂ ಹಳೆಯ ಸಾಮಾನಿನ ಪೇಟೆಯಲ್ಲಿ ಹೊಸ ಲೆನ್ಸಿನ ಬೆಲೆಯ ಅಲ್ಪ ಭಾಗಕ್ಕೆ ದೊರೆಯುತ್ತವೆ.

ದೂರಮಸೂರ ಮಾಡುವ ಕೆಲಸವನ್ನು ಸರಳ ಲೆಕ್ಕದಿಂದ ತಿಳಿಯಬಹುದು. 20 ಸೆಂ.ಮೀ. ಉದ್ದದ ಪಿಕಳಾರ ಹಕ್ಕಿಯೊಂದು ಹತ್ತು ಮೀಟರು ದೂರದಲ್ಲಿ ಕುಳಿತಿದೆ ಎನ್ನೋಣ. 50 ಮಿ.ಮೀ. ಸಂಗಮದೂರದ ಸಾಮಾನ್ಯ ಲೆನ್ಸಿನಲ್ಲಿ ಅದರ ಬಿಂಬ ಒಂದೇ ಮಿಲಿಮೀಟರು. 200 ಮಿ.ಮೀ. ಲೆನ್ಸಿನಲ್ಲಿ ಅದು ನಾಲ್ಕು ಮಿಲಿಮೀಟರು. ಮಧ್ಯಮ ದರ್ಜೆಯ ಡಿಜಿಟಲ್ ಕ್ಯಾಮೆರಾದ ಸಂವೇದಕದ ಅಗಲ ಸುಮಾರು 23 ಮಿ.ಮೀ. ಇರುವುದರಿಂದ ಹಕ್ಕಿ ಚಿತ್ರದ ಆರನೆಯ ಒಂದು ಭಾಗವನ್ನು ತುಂಬುತ್ತದೆ. ಅದೇ ಹಕ್ಕಿ ಐದು ಮೀಟರಿಗೆ ಬಂದರೆ ಬಿಂಬ ಎಂಟು ಮಿಲಿಮೀಟರಾಗುತ್ತದೆ. ಅಂದರೆ 400 ಮಿ.ಮೀ. ಲೆನ್ಸು ಕೊಂಡರೆ ದೊರೆಯುವ ಫಲವೇ ಅಂತರ ಅರ್ಧವಾದಾಗಲೂ ದೊರೆಯುತ್ತದೆ. ಈ ಅರ್ಧ ಅಂತರವನ್ನು ಹಣದಿಂದಲ್ಲ, ತಾಳ್ಮೆಯಿಂದ ಗಳಿಸುವುದೇ ಈ ಹವ್ಯಾಸದ ಮರ್ಮ.

ಕೊಳ್ಳುವ ಮೊದಲು ಲೆನ್ಸು ನಮ್ಮ ಕ್ಯಾಮೆರಾಕ್ಕೆ ಹೊಂದುವುದೋ ಇಲ್ಲವೋ ನೋಡಬೇಕು. ಹಳೆಯ ಲೆನ್ಸುಗಳಲ್ಲಿ ಅನೇಕವು 42 ಮಿ.ಮೀ. ವ್ಯಾಸದ ತಿರುಪಿನವು, ಇವಕ್ಕೆ ಎಂ42 ಎಂದು ಹೆಸರು. ಇವು ಚಿತ್ರಫಲಕದಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು. ಕ್ಯಾನನ್ ಇಓಎಸ್ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿ ಆ ಅಂತರ 44 ಮಿ.ಮೀ. ಆದ್ದರಿಂದ ನಡುವೆ ತೆಳುವಾದ ಉಂಗುರವೊಂದನ್ನು ಹಾಕಿದರೆ ಸಾಕು. ನಿಕಾನ್‌ನಲ್ಲಿ ಅಂತರ 46.5 ಮಿ.ಮೀ. ಇರುವುದರಿಂದ ಬರಿಯ ಉಂಗುರ ಹಾಕಿದರೆ ದೂರದ ವಸ್ತು ಸ್ಫುಟವಾಗದು. ಕನ್ನಡಿಯಿಲ್ಲದ ಈಚಿನ ಕ್ಯಾಮೆರಾಗಳಲ್ಲಿ ಈ ತೊಡಕಿಲ್ಲ. ಲೆನ್ಸು ಇಲ್ಲದೆಯೂ ಚಿತ್ರ ತೆಗೆಯಲು ಅನುಮತಿಸುವ ಆಯ್ಕೆಯನ್ನು ಕೆಲವು ಕ್ಯಾಮೆರಾಗಳಲ್ಲಿ ನಾವೇ ಒತ್ತಿಕೊಳ್ಳಬೇಕಾಗುತ್ತದೆ.

ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು; ಅಂಥದ್ದನ್ನು ಬಿಡುವುದೇ ಲೇಸು. ಅಪರ್ಚರ್ ಎಂಬ ಬೆಳಕಿನ ಕಿಂಡಿಯ ಎಸಳುಗಳಿಗೆ ಎಣ್ಣೆ ಅಂಟಿರಬಾರದು. ಸ್ಫುಟಗೊಳಿಸುವ ಬಳೆ ಬಿಗಿಯೂ ಆಗಿರದೆ ಸಡಿಲವೂ ಆಗಿರದೆ ತಿರುಗಬೇಕು. ಮುಂದಿನ ಗಾಜಿನ ಸಣ್ಣ ಗೀರುಗಳಿಗೆ ಹೆದರಬೇಕಾಗಿಲ್ಲ. ಖಾನಾಪುರದ ಕಡೆಯ ಮಳೆಗಾಲದ ತೇವ ಬೂಷ್ಟಿಗೆ ಹಬ್ಬವಿದ್ದಂತೆ. ಲೆನ್ಸನ್ನು ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡತಕ್ಕದ್ದು.

ಇನ್ನು ಬಳಸುವ ಬಗೆ. ದೂರಮಸೂರವು ಹಕ್ಕಿಯೊಡನೆ ನಮ್ಮ ಕೈನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಸಣ್ಣ ಸಂವೇದಕದ ಕ್ಯಾಮೆರಾದಲ್ಲಿ 200 ಮಿ.ಮೀ. ಲೆನ್ಸು ಸುಮಾರು 300ರಂತೆ ವರ್ತಿಸುವುದರಿಂದ ಷಟರಿನ ವೇಗ ಸೆಕೆಂಡಿನ 300ನೆಯ ಒಂದು ಭಾಗಕ್ಕಿಂತ ನಿಧಾನವಾಗಬಾರದು. ಸ್ಫುಟತೆಯ ಆಳವೂ ಕಡಿಮೆ. ಎಫ್ 4ರಲ್ಲಿ ಹತ್ತು ಮೀಟರಿಗೆ ಅದು ಸುಮಾರು 40 ಸೆಂ.ಮೀ., ಐದು ಮೀಟರಿಗೆ ಬರಿಯ 10 ಸೆಂ.ಮೀ. ಕಿಂಡಿಯನ್ನು ಎಫ್ 5.6 ಅಥವಾ 8ಕ್ಕೆ ಕಿರಿದುಮಾಡಿದರೆ ಆಳ ಹೆಚ್ಚುತ್ತದೆ, ಹಳೆಯ ಗಾಜಿನ ಮಸುಕೂ ಕಡಿಮೆಯಾಗುತ್ತದೆ. ಹಕ್ಕಿಯ ಕಣ್ಣು ಸ್ಫುಟವಾಗಿರಲಿ. ಕಣ್ಣು ಮಸುಕಾದರೆ ಉಳಿದದ್ದೆಲ್ಲ ಸರಿಯಿದ್ದರೂ ಚಿತ್ರಕ್ಕೆ ಜೀವವಿರದು.

ಹಾರುವ ಹಕ್ಕಿಯ ಹಿಂದೆ ಕೈಯ ಬಳೆ ಓಡಲಾರದು. ಆದುದರಿಂದ ಹಕ್ಕಿ ಬರುವ ಎಡೆಯನ್ನು ಮೊದಲೇ ಅರಿತು, ಅಲ್ಲಿ ಸ್ಫುಟಗೊಳಿಸಿ ಕಾಯಬೇಕು. ಕಳ್ಳಿಪೀರವು ಹಾರಿ ಹುಳ ಹಿಡಿದು ಮತ್ತೆ ಮತ್ತೆ ಅದೇ ರೆಂಬೆಗೆ ಮರಳುತ್ತದೆ. ಕಾಜಾಣದ ರೀತಿಯೂ ಹೆಚ್ಚುಕಡಿಮೆ ಅದೇ. ಮಿಂಚುಳ್ಳಿಗೆ ನೀರಿನ ಮೇಲೆ ಬಾಗಿದ ಮೆಚ್ಚಿನ ಕೊಂಬೆಗಳಿರುತ್ತವೆ. ಕೊಳದ ಬಕ ನಿಶ್ಚಲವಾಗಿ ನಿಲ್ಲುವುದರಿಂದ ಹೊಸಬರಿಗೆ ಅದೇ ಮೊದಲ ಗುರು. ಬೆಳಗಾವಿಯ ಕೋಟೆ ಕೆರೆಯ ದಂಡೆ, ದಂಡುಪ್ರದೇಶದ ಹಳೆಯ ಮರಗಳು, ಖಾನಾಪುರದ ಬಳಿ ಅಸೋಗಾದ ಮಲಪ್ರಭೆಯ ತೀರ ಇಂಥ ಅಭ್ಯಾಸಕ್ಕೆ ತಕ್ಕ ತಾಣಗಳು.

ದಟ್ಟ ಕಾಡಿನ ಮಾತು ಬೇರೆ. ಖಾನಾಪುರ ತಾಲ್ಲೂಕಿನ ಭೀಮಗಡವು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದರ ವಿಸ್ತಾರ ಸುಮಾರು 190 ಚದರ ಕಿ.ಮೀ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಲ್ಲಿ ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮರದ ಮೇಲೆಯೇ ಬಾಳುವ ದೊಡ್ಡ ಕೆಂದಳಿಲು ಬೆದರಿದರೆ ಕೊಂಬೆಗೆ ಅಂಟಿಕೊಂಡು ಕದಲದೆ ಉಳಿಯುತ್ತದೆ. ಸದ್ದು ಮಾಡದೆ ಕುಳಿತವನಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಣ್ಣು ಬಿಟ್ಟ ಅತ್ತಿಯ ಜಾತಿಯ ಮರಕ್ಕೆ ಮಂಗಟ್ಟೆಗಳು ಬರುತ್ತವೆ. ಆದರೆ ಅವುಗಳ ಗೂಡಿನ ಮರದ ಬಳಿ ನಿಲ್ಲಕೂಡದು. ಹೆಣ್ಣು ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಂಡು ಕುಳಿತಿರುತ್ತದೆ. ಮನುಷ್ಯನನ್ನು ಕಂಡು ಗಂಡು ಆಹಾರ ತರಲು ಹಿಂಜರಿದರೆ ಒಳಗಿನ ತಾಯಿಗೂ ಮರಿಗೂ ಉಪವಾಸವೇ ಗತಿ. ಭೀಮಗಡದ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಎಂಬ ಅಪರೂಪದ ಜಾತಿಯಿದೆ. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಇದು ಬಹುಕಾಲ ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆಯೆಂದೇ ತಿಳಿಯಲಾಗಿತ್ತು. ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಕಂಡುಬಂದದ್ದು ಈಚೆಗೆ. ಚಿತ್ರದ ಆಸೆಯಿಂದ ಅಂಥ ಗುಹೆಯೊಳಗೆ ದೀಪ ಬೆಳಗಿಸುವುದು ಹವ್ಯಾಸವಲ್ಲ, ಅಪರಾಧ.

ಸಾಧನ ಕಡಿಮೆಯಾದರೆ ಸಾಧನೆ ಕಡಿಮೆಯಾಗಬೇಕೆಂದಿಲ್ಲ. ಮದರಾಸಿನ ಎಂ. ಕೃಷ್ಣನ್ (1912–1996) ನಮ್ಮ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ಸೇವೆಯಲ್ಲಿದ್ದವರು. ಮುಂದೆ ಬೇರೆಬೇರೆ ಭಾಗಗಳನ್ನು ಕೂಡಿಸಿ ತಾವೇ ಸಿದ್ಧಪಡಿಸಿದ ಕ್ಯಾಮೆರಾಕ್ಕೆ ‘ಸೂಪರ್ ಪಾಂಡೆರೋಸಾ’ ಎಂದು ವಿನೋದದ ಹೆಸರಿಟ್ಟು, ಕಪ್ಪುಬಿಳುಪಿನಲ್ಲಿಯೇ ಆನೆ, ಕಾಟಿಗಳ ಬದುಕನ್ನು ದಾಖಲಿಸಿದರು. 1970ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅವರ ಬಂಡವಾಳ ಕ್ಯಾಮೆರಾಕ್ಕಿಂತ ಹೆಚ್ಚಾಗಿ ಪ್ರಾಣಿಗಳ ನಡೆನುಡಿಯ ಅರಿವೇ ಆಗಿತ್ತು.

ಹೊಸ ಯಂತ್ರ ಹಕ್ಕಿಯನ್ನು ನಮಗಾಗಿ ಹುಡುಕಿಕೊಡುತ್ತದೆ. ಹಳೆಯ ಲೆನ್ಸು ಹಕ್ಕಿಯನ್ನು ನಾವೇ ಅರಿಯುವಂತೆ ಮಾಡುತ್ತದೆ. ವಿದ್ಯಾರ್ಥಿಗೆ ಎರಡನೆಯದೇ ಹೆಚ್ಚಿನ ಲಾಭ. ಪ್ರತಿ ಚಿತ್ರದೊಂದಿಗೆ ದಿನಾಂಕ, ಸ್ಥಳ, ಹಕ್ಕಿ ಮಾಡುತ್ತಿದ್ದ ಕೆಲಸ ಇಷ್ಟನ್ನು ಪುಸ್ತಕದಲ್ಲಿ ಬರೆದಿಡಲಿ. ಚಿತ್ರ ಮಸುಕಾದರೂ ಆ ಬರಹ ಉಳಿಯುತ್ತದೆ. ಮುಂದೆ ಈ ಕೆರೆ, ಈ ಕಾಡು ಬದಲಾದಾಗ ಇಲ್ಲಿ ಏನಿತ್ತೆಂಬುದಕ್ಕೆ ಸಾಕ್ಷಿಯೂ ಆಗುತ್ತದೆ.